ಟಾರಿಗೂ ಮಣ್ಣಿಗೂ ಒಂದೇ ಟೈರು?

ಮಕ್ಕಳೇ, ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆಯ ಶಾಲೆಗಳಲ್ಲಿ ಓದುವ ನಿಮಗೆ ವಾಹನಗಳನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ. ದೂರದಿಂದಲೇ ನೋಡಿ ಇದು ಬೊಲೆರೊ, ಅದು ಸ್ಕಾರ್ಪಿಯೊ, ಇದು ಥಾರ್ ಎಂದು ಹೇಳಿಬಿಡುತ್ತೀರಿ. ಆದರೆ ಬಗ್ಗಿ ಅವುಗಳ ಟೈರನ್ನು ನೋಡಿದ್ದೀರಾ? ಒಂದರಲ್ಲಿ ಸಣ್ಣ ಸಣ್ಣ ಗೆರೆಗಳಿರುತ್ತವೆ. ಇನ್ನೊಂದರಲ್ಲಿ ಬೆಲ್ಲದ ಅಚ್ಚಿನಂತೆ ದಪ್ಪ ದಪ್ಪ ಗಟ್ಟಿಗಳಿರುತ್ತವೆ. ಎರಡೂ ಜೀಪಿನ ಟೈರುಗಳೇ. ಹಾಗಾದರೆ ಈ ವ್ಯತ್ಯಾಸ ಏಕೆ?

ಈ ಪ್ರಶ್ನೆ ನಮಗೂ ಈಚೆಗೆ ಎದುರಾಯಿತು. ಶಾಲೆಯಿಂದ ಶಾಲೆಗೆ ಸೂಕ್ಷ್ಮದರ್ಶಕ, ದೂರದರ್ಶಕ, ಗಾಜಿನ ಸಾಮಾನು ಹೊತ್ತು ತಿರುಗುವ ನಮ್ಮ ಪ್ರಯೋಗಾಲಯದ ಜೀಪಿನ ಟೈರುಗಳು ಸವೆದು ಬೋಳಾಗಿದ್ದವು. ಮಳೆಗಾಲ ಹತ್ತಿರವಾಗಿತ್ತು. ಜೀಪು ಪೀಣ್ಯದಿಂದ ಹೊರಟು ತುಮಕೂರು ರಸ್ತೆಯ ಲಾರಿಗಳ ನಡುವೆ ಸಾಗಬೇಕು, ನೈಸ್ ರಸ್ತೆ ಹಿಡಿಯಬೇಕು, ಮಾಗಡಿ ರಸ್ತೆಯಲ್ಲಿ ತಾವರೆಕೆರೆ ದಾಟಬೇಕು. ಆಮೇಲೆ ಹಳ್ಳಿಯ ಶಾಲೆಗೆ ತಲುಪುವ ಕೊನೆಯ ಒಂದೆರಡು ಕಿಲೋಮೀಟರು ಬರೀ ಕೆಂಪುಮಣ್ಣು. ಅಂಗಡಿಯವರು ಮೂರು ಬಗೆಯ ಟೈರು ತೋರಿಸಿದರು. ಹೆದ್ದಾರಿಯದ್ದು 'ಎಚ್.ಟಿ.', ಕೆಸರಿನದ್ದು 'ಎಂ.ಟಿ.', ಎರಡಕ್ಕೂ ಆಗುವಂಥದ್ದು 'ಎ.ಟಿ.'. ಯಾವುದನ್ನು ಕೊಳ್ಳುವುದು? ಇದನ್ನು ತೀರ್ಮಾನಿಸಲು ನಿಮ್ಮ ಪಠ್ಯಪುಸ್ತಕದಲ್ಲಿರುವ ಎರಡು ಪಾಠಗಳು ಸಾಕು: ಘರ್ಷಣೆ ಮತ್ತು ಒತ್ತಡ.

ಮೊದಲು ಘರ್ಷಣೆ. ಬ್ರೇಕ್ ಒತ್ತಿದರೆ ಜೀಪನ್ನು ನಿಲ್ಲಿಸುವುದು ಬ್ರೇಕ್ ಎಂದು ನಾವು ಭಾವಿಸುತ್ತೇವೆ. ಬ್ರೇಕು ಚಕ್ರವನ್ನಷ್ಟೇ ತಡೆಯುತ್ತದೆ. ಜೀಪನ್ನು ನಿಲ್ಲಿಸುವುದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ. ಗಂಟೆಗೆ 60 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 16 ಮೀಟರಿಗಿಂತ ಹೆಚ್ಚು. ಆ ವೇಗದ ಜೀಪು ಬ್ರೇಕ್ ಹಿಡಿದ ಮೇಲೆ ಒಣಗಿದ ಒಳ್ಳೆಯ ಟಾರು ರಸ್ತೆಯಲ್ಲಿ ನಿಲ್ಲಲು ಸುಮಾರು 20 ಮೀಟರು ಬೇಕು. ಘರ್ಷಣೆ ಅರ್ಧಕ್ಕೆ ಇಳಿದರೆ ಆ ದೂರ ಎರಡರಷ್ಟಾಗಿ 40 ಮೀಟರು ಆಗುತ್ತದೆ. ನಿಮ್ಮ ಶಾಲೆಯ ಆಟದ ಮೈದಾನದಲ್ಲಿ 20 ಮೀಟರು, 40 ಮೀಟರು ಅಳೆದು ಎರಡು ಕಲ್ಲು ಇಡಿ. ಆ ಎರಡು ಕಲ್ಲುಗಳ ನಡುವೆ ಯಾರಾದರೂ ರಸ್ತೆ ದಾಟುತ್ತಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ. ಟೈರಿನ ಆಯ್ಕೆ ಬರೀ ದುಡ್ಡಿನ ಲೆಕ್ಕವಲ್ಲ ಎಂಬುದು ಆಗ ಅರ್ಥವಾಗುತ್ತದೆ.

ಈಗ ಟೈರಿನ ಮೇಲ್ಮೈಯ ಉಬ್ಬುತಗ್ಗುಗಳ ವಿಷಯ. ಅಂಗಡಿಯವರು ಇದನ್ನು 'ಗ್ರಿಪ್' ಎನ್ನುತ್ತಾರೆ. ಒಂದು ಶಾಲೆಯಲ್ಲಿ ಈ ಮಾತು ಬಂದಾಗ ಏಳನೆಯ ತರಗತಿಯ ಹುಡುಗನೊಬ್ಬ ಎದ್ದು ನಿಂತು, "ಮಿಸ್, ಟಿ.ವಿ.ಯಲ್ಲಿ ರೇಸ್ ಕಾರಿನ ಟೈರು ಬೋಳಾಗೇ ಇರುತ್ತಲ್ಲ, ಅದು ಯಾಕೆ ಜಾರಲ್ಲ?" ಎಂದ. ಬಹಳ ಒಳ್ಳೆಯ ಪ್ರಶ್ನೆ. ರಸ್ತೆ ಪೂರ್ತಿ ಒಣಗಿದ್ದರೆ ಗೆರೆಗಳೇ ಬೇಕಾಗಿಲ್ಲ. ಹೆಚ್ಚು ರಬ್ಬರು ನೆಲಕ್ಕೆ ತಾಗಿದಷ್ಟೂ ಒಳ್ಳೆಯದು. ಅದಕ್ಕೇ ಒಣ ದಿನಗಳಲ್ಲಿ ರೇಸ್ ಕಾರಿಗೆ ಬೋಳು ಟೈರು ಹಾಕುತ್ತಾರೆ. ಮಳೆ ಬಂತೋ, ಓಟದ ನಡುವೆಯೇ ಅದನ್ನು ಕಳಚಿ ಕಾಲುವೆಗಳಿರುವ ಟೈರು ತೊಡಿಸುತ್ತಾರೆ. ಅಂದರೆ ಟೈರಿನ ಗೆರೆಗಳು ನೀರಿಗೆ ದಾರಿ ಬಿಡುವ ಕಾಲುವೆಗಳು. ನೀರು ನಿಂತ ರಸ್ತೆಯಲ್ಲಿ ಟೈರು ವೇಗವಾಗಿ ಉರುಳಿದಾಗ ಅಡಿಗೆ ಸಿಕ್ಕ ನೀರು ಪಕ್ಕಕ್ಕೆ ಓಡಬೇಕು. ಕಾಲುವೆ ಇಲ್ಲದಿದ್ದರೆ ಅಥವಾ ಸವೆದಿದ್ದರೆ ನೀರಿಗೆ ಓಡಲು ಸಮಯ ಸಿಗುವುದಿಲ್ಲ. ಆಗ ಟೈರು ನೀರಿನ ತೆಳು ಪದರದ ಮೇಲೆ ತೇಲುತ್ತದೆ. ರಸ್ತೆಗೂ ರಬ್ಬರಿಗೂ ಸಂಬಂಧವೇ ತಪ್ಪಿಹೋಗುತ್ತದೆ. ಸ್ಟಿಯರಿಂಗ್ ತಿರುಗಿಸಿದರೂ ಬ್ರೇಕ್ ಒತ್ತಿದರೂ ಜೀಪು ತನ್ನ ಪಾಡಿಗೆ ತಾನು ಸಾಗುತ್ತದೆ.

ಟೈರು ಎಷ್ಟು ಸವೆದರೆ ಬದಲಿಸಬೇಕೆಂದು ತಿಳಿಯಲು ಒಂದು ಗುರುತು ಇದೆ. ಕಾಲುವೆಯೊಳಗೆ ಬೆರಳಾಡಿಸಿ ನೋಡಿದರೆ ಅಲ್ಲಲ್ಲಿ ಅಡ್ಡಲಾಗಿ ಸಣ್ಣ ದಿಣ್ಣೆ ಸಿಗುತ್ತದೆ. ಕಾರು, ಜೀಪುಗಳ ಟೈರಿನಲ್ಲಿ ಅದರ ಎತ್ತರ 1.6 ಮಿಲಿಮೀಟರು. ಟೈರು ಸವೆದು ಆ ದಿಣ್ಣೆಯ ಮಟ್ಟಕ್ಕೆ ಬಂದಿತೆಂದರೆ ಅದರ ಆಯುಸ್ಸು ಮುಗಿಯಿತು. ನಿಂತಿರುವ ವಾಹನದಲ್ಲಿ, ಮಾಲೀಕರನ್ನು ಕೇಳಿ ಇದನ್ನು ನೀವೂ ನೋಡಬಹುದು.

ಕೆಸರಿನ ಕತೆ ಬೇರೆ. ಗದ್ದೆ ಉಳುವ ಟ್ರ್ಯಾಕ್ಟರಿನ ಹಿಂದಿನ ಚಕ್ರ ನೆನಪಿಸಿಕೊಳ್ಳಿ. ದಪ್ಪ ಪಟ್ಟಿಗಳು, ನಡುವೆ ಅಗಲವಾದ ಖಾಲಿ ಜಾಗ. ಮೆತ್ತನೆಯ ಮಣ್ಣಿನಲ್ಲಿ ಆ ಪಟ್ಟಿಗಳು ಎತ್ತಿನ ಗೊರಸಿನಂತೆ ಒಳಕ್ಕೆ ಇಳಿದು ಮಣ್ಣನ್ನು ಹಿಂದಕ್ಕೆ ತಳ್ಳುತ್ತವೆ. ಖಾಲಿ ಜಾಗ ಅಗಲವಾಗಿರುವುದರಿಂದ ಅಂಟಿದ ಕೆಸರು ಚಕ್ರ ತಿರುಗಿದಂತೆ ಸಿಡಿದು ಹೋಗುತ್ತದೆ. ಎಂ.ಟಿ. ಟೈರಿನ ಉಪಾಯವೂ ಇದೇ. ಹೆದ್ದಾರಿಯ ಟೈರಿನ ಕಿರಿದಾದ ಕಾಲುವೆಗಳೋ ನಮ್ಮ ಕಡೆಯ ಜಿಗುಟು ಕೆಂಪುಮಣ್ಣಿನಲ್ಲಿ ನಾಲ್ಕು ಸುತ್ತಿಗೇ ತುಂಬಿಕೊಳ್ಳುತ್ತವೆ. ಆಮೇಲೆ ಅದು ಬೋಳು ಟೈರಿನಂತೆಯೇ. (ಗದಗ, ವಿಜಯಪುರದ ಎರೆಮಣ್ಣಿನಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಚಪ್ಪಲಿಯೇ ಈ ಪಾಠ ಹೇಳಿರುತ್ತದೆ!)

ಹಾಗಾದರೆ ಎಂ.ಟಿ. ಕೊಂಡುಬಿಟ್ಟರಾಯಿತಲ್ಲ? ಅವಸರ ಬೇಡ. ಖಾಲಿ ಜಾಗ ಹೆಚ್ಚೆಂದರೆ ಟಾರು ರಸ್ತೆಗೆ ತಾಗುವ ರಬ್ಬರು ಕಡಿಮೆ ಎಂದೇ ಅರ್ಥ. ನೆಂದ ಟಾರಿನಲ್ಲಿ ನಿಲ್ಲಲು ಹೆಚ್ಚು ದೂರ ಬೇಕು. ಗಟ್ಟಿಗಳು ಒಂದೊಂದಾಗಿ ರಸ್ತೆಗೆ ಬಡಿದು ಗುಂಯ್ ಎಂದು ಸದ್ದು ಮಾಡುತ್ತವೆ, ಬಾಗಿ ಬಾಗಿ ಬೇಗ ಸವೆಯುತ್ತವೆ, ಡೀಸೆಲ್ಲೂ ಹೆಚ್ಚು ಬೇಕು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ, 2010ರಲ್ಲಿ ಸಂಚಾರಕ್ಕೆ ತೆರೆದ ಮೇಲುರಸ್ತೆ ಒಂಬತ್ತು ಕಿಲೋಮೀಟರಿಗೂ ಉದ್ದ. ಅದರ ಮೇಲೆ ಇಂಥ ಟೈರಿನಲ್ಲಿ ದಿನಾ ಓಡಾಡುವವರ ಕಿವಿಯನ್ನು ಕೇಳಬೇಕು. ವೈಟ್‌ಫೀಲ್ಡಿನಲ್ಲಿ ಮನೆಯಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಓಡುವ ಜೀಪುಗಳಲ್ಲೂ ಈ ಗಟ್ಟಿ ಟೈರು ಕಾಣುತ್ತದೆ. ಅದು ಹೆಚ್ಚಾಗಿ ಅಲಂಕಾರ ಎಂದೇ ನನ್ನ ಅಭಿಪ್ರಾಯ.

ಇನ್ನು ಒತ್ತಡದ ಪಾಠ. ತುಂಬಿದ ಜೀಪಿನ ತೂಕ 1,680 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಒಂದು ಟೈರಿನ ಪಾಲಿಗೆ 420 ಕಿಲೋಗ್ರಾಂ. ಪೆಟ್ರೋಲ್ ಬಂಕಿನಲ್ಲಿ "30 ಹೊಡೀರಿ" ಎನ್ನುತ್ತಾರಲ್ಲ, ಆ 30 ಎಂದರೆ ಒಂದು ಚದರ ಅಂಗುಲಕ್ಕೆ 30 ಪೌಂಡು. ನಮ್ಮ ಲೆಕ್ಕದಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋಗ್ರಾಂ. 420ನ್ನು 2.1ರಿಂದ ಭಾಗಿಸಿ. 200 ಚದರ ಸೆಂಟಿಮೀಟರು ಬಂತೇ? ಅಂದರೆ ಒಂದು ಟೈರು ನೆಲವನ್ನು ಮುಟ್ಟುವುದು 20 ಸೆಂಟಿಮೀಟರು ಉದ್ದ, 10 ಸೆಂಟಿಮೀಟರು ಅಗಲದ ಜಾಗದಲ್ಲಿ ಮಾತ್ರ! ನಾಲ್ಕೂ ಸೇರಿ 800. ಜೆರಾಕ್ಸ್ ಅಂಗಡಿಯ ಎ-4 ಹಾಳೆಯ ವಿಸ್ತೀರ್ಣವೇ ಸುಮಾರು 624 ಚದರ ಸೆಂಟಿಮೀಟರು. ಅಷ್ಟು ದೊಡ್ಡ ಜೀಪು, ಒಳಗಿರುವ ಜನ, ಗಾಜಿನ ಸಾಮಾನು ಎಲ್ಲವನ್ನೂ ರಸ್ತೆಗೆ ಹಿಡಿದಿಡುವುದು ಒಂದೂಕಾಲು ಹಾಳೆಯಷ್ಟು ರಬ್ಬರು. ಟೈರಿನ ಪಕ್ಕದ ಗೋಡೆಯೂ ಸ್ವಲ್ಪ ಭಾರ ಹೊರುವುದರಿಂದ ಇದು ಅಂದಾಜು ಲೆಕ್ಕ.

ಗಾಳಿಯನ್ನು 20ಕ್ಕೆ ಇಳಿಸಿದರೆ? ಚದರ ಸೆಂಟಿಮೀಟರಿಗೆ 1.4 ಕಿಲೋಗ್ರಾಂ, ತಾಗುವ ಜಾಗ 300 ಚದರ ಸೆಂಟಿಮೀಟರು. ಒತ್ತಡ ಕಡಿಮೆ, ಜಾಗ ಹೆಚ್ಚು. ಮರಳಿನಲ್ಲಿ ಒಂಟೆಯ ಅಗಲ ಪಾದ ಹೂತುಹೋಗದಂತೆ ಜೀಪಿನ ಟೈರೂ ಹೂತುಹೋಗುವುದಿಲ್ಲ. ಅನುಭವಸ್ಥ ಚಾಲಕರು ಮರಳು, ಕೆಸರಿನಲ್ಲಿ ಸಿಕ್ಕಿಕೊಂಡಾಗ ಗಾಳಿ ಇಳಿಸುವುದು ಇದಕ್ಕೇ. ಆದರೆ ಟಾರಿಗೆ ಬಂದ ಕೂಡಲೇ ಮತ್ತೆ ತುಂಬಿಸಬೇಕು. ಇಲ್ಲದಿದ್ದರೆ ಟೈರಿನ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಾಗಿ ಕಾದು ಒಡೆದುಹೋಗಬಹುದು.

ನಮ್ಮ ಚಾಲಕರ ಸಲಹೆ ಇನ್ನೊಂದು ಇತ್ತು. "ಮೇಡಂ, ಒಂದು ಸೈಜು ದೊಡ್ಡದು ಹಾಕಿಸಿಬಿಡೋಣ, ಗಾಡಿ ಎತ್ತರ ಆಗುತ್ತೆ." ಇದಕ್ಕೆ ಉತ್ತರ ಟೈರಿನ ಗೋಡೆಯ ಮೇಲೇ ಇದೆ. ನಮ್ಮ ಜೀಪಿನ ಟೈರಿನ ಮೇಲೆ 215/75 ಆರ್ 15 100 ಎಸ್ ಎಂದು ಬರೆದಿದೆ. 215 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಗೋಡೆಯ ಎತ್ತರ ಆ ಅಗಲದ ಶೇಕಡಾ 75. 15 ಎಂದರೆ ಒಳಗಿನ ಕಬ್ಬಿಣದ ಚಕ್ರದ ವ್ಯಾಸ, ಅಂಗುಲದಲ್ಲಿ. ಆರ್ ಎಂದರೆ ರೇಡಿಯಲ್, ಒಳಗಿನ ದಾರಗಳು ಅಂಚಿನಿಂದ ಅಂಚಿಗೆ ನೇರವಾಗಿ ಹಾಯ್ದಿರುವ ಬಗೆ. 100 ಎಂಬುದು ಭಾರದ ಸಂಕೇತ, ಒಂದು ಟೈರು 800 ಕಿಲೋಗ್ರಾಂವರೆಗೆ ಹೊರಬಲ್ಲದು. ಎಸ್ ಎಂದರೆ ಗಂಟೆಗೆ 180 ಕಿ.ಮೀ. ವೇಗದವರೆಗೆ ತಾಳಬಲ್ಲದು. (ನಮ್ಮ ಜೀಪಿಗೆ ಆ ಆಸೆಯಿಲ್ಲ.) ಮಿಲಿಮೀಟರು, ಶೇಕಡಾ, ಅಂಗುಲ ಮೂರನ್ನೂ ಒಂದೇ ಸಾಲಿನಲ್ಲಿ ಬೆರೆಸಿದ ಇಂಥ ಅಳತೆ ಬೇರೆಲ್ಲಾದರೂ ಕಂಡಿದ್ದೀರಾ?

ಲೆಕ್ಕ ಮಾಡೋಣ. 215ರ ಶೇಕಡಾ 75 ಎಂದರೆ 161.25 ಮಿಲಿಮೀಟರು. ಮೇಲೊಂದು ಕೆಳಗೊಂದು ಗೋಡೆ, ಒಟ್ಟು 322.5. ಹದಿನೈದು ಅಂಗುಲ ಎಂದರೆ 381 ಮಿಲಿಮೀಟರು. ಕೂಡಿದರೆ ಟೈರಿನ ವ್ಯಾಸ 703.5 ಮಿಲಿಮೀಟರು. ಪರಿಧಿ ಸುಮಾರು 2.21 ಮೀಟರು. ಅಂದರೆ ಒಂದು ಕಿಲೋಮೀಟರಿಗೆ 452 ಸುತ್ತು. ಇನ್ನು ಚಾಲಕರು ಕೇಳಿದ 235/75 ಆರ್ 15ನ್ನು ಹಾಗೆಯೇ ಲೆಕ್ಕ ಹಾಕಿದರೆ ವ್ಯಾಸ 733.5 ಮಿಲಿಮೀಟರು ಬರುತ್ತದೆ. ವ್ಯಾಸ 30 ಮಿಲಿಮೀಟರು ಹೆಚ್ಚಿತು. ಜೀಪು ಏರುವುದು ಅದರ ಅರ್ಧ, ಬರೀ ಒಂದೂವರೆ ಸೆಂಟಿಮೀಟರು! ಆದರೆ ವೇಗ ತೋರಿಸುವ ಮೀಟರಿಗೆ ಗೊತ್ತಿರುವುದು ಸುತ್ತುಗಳ ಎಣಿಕೆ ಮಾತ್ರ. ಟೈರು ದೊಡ್ಡದಾಗಿದ್ದು ಅದಕ್ಕೆ ತಿಳಿಯದು. ಹಳೆಯ ಟೈರಿನಲ್ಲಿ ಅದು ಸರಿಯಾಗಿ ತೋರಿಸುತ್ತಿದ್ದರೆ, ಹೊಸದರಲ್ಲಿ 60 ಎಂದು ತೋರಿಸುವಾಗ ನಿಜವಾದ ವೇಗ 62ಕ್ಕೂ ಹೆಚ್ಚಿರುತ್ತದೆ. ಲೆಕ್ಕ ನೋಡಿ ಚಾಲಕರು ನಕ್ಕು, "ಹಳೇ ಸೈಜೇ ಇರಲಿ ಬಿಡಿ ಮೇಡಂ" ಎಂದರು.

ಕೊನೆಗೆ ಲಾಗ್ ಪುಸ್ತಕ ತೆಗೆದು ನೋಡಿದೆವು. ನೂರು ಕಿಲೋಮೀಟರು ಓಡಿದರೆ ಎಂಬತ್ತೈದು ಟಾರು, ಉಳಿದದ್ದು ಮಣ್ಣು ಮತ್ತು ಜಲ್ಲಿ. ಎಂ.ಟಿ. ಅಲ್ಲಿಗೇ ಬಿತ್ತು. ಹದಿನೈದಕ್ಕಾಗಿ ಎಂಬತ್ತೈದನ್ನು ಅಪಾಯಕ್ಕೆ ಒಡ್ಡುವಂತಿಲ್ಲ. ಮಣ್ಣು ಒಣಗಿದ್ದರೆ ಎಚ್.ಟಿ. ಸಾಕಿತ್ತು, ನಮ್ಮದೇ ಕೆಲಸ ಬೇಸಿಗೆಯಲ್ಲಿ ಮುಗಿಯುವಂತಿದ್ದರೆ ಅದನ್ನೇ ಕೊಳ್ಳುತ್ತಿದ್ದೆವು. ಶಾಲೆಗಳು ತೆರೆಯುವುದು ಮಳೆಯ ಜೊತೆಗೆ. ಹಾಗಾಗಿ ಎ.ಟಿ. ಆಯ್ದುಕೊಂಡೆವು, ಅದರಲ್ಲೂ ಗಟ್ಟಿಗಳು ತೀರಾ ದೂರ ದೂರ ಇಲ್ಲದ ಬಗೆಯನ್ನು. ನೆಂದ ಟಾರಿನಲ್ಲಿ ಇದು ಎಚ್.ಟಿ.ಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ಮಳೆಯಲ್ಲಿ ವೇಗ ಇಳಿಸುವುದೆಂದೂ ಆಗಲೇ ಮಾತಾಯಿತು. ನಾಲ್ಕೂ ಒಂದೇ ಬಗೆಯವು. ಒಂದೊಂದು ಚಕ್ರ ಒಂದೊಂದು ರೀತಿ ಹಿಡಿದರೆ ಬ್ರೇಕ್ ಹಾಕಿದಾಗ ಜೀಪು ಒಂದು ಪಕ್ಕಕ್ಕೆ ಎಳೆಯುತ್ತದೆ.

ಕೊಳ್ಳುವ ಮೊದಲು ಐ.ಎಸ್.ಐ. ಗುರುತು ನೋಡಿದೆವು. ಗೋಡೆಯ ಮೇಲೆ ನಾಲ್ಕು ಅಂಕಿಯ ಇನ್ನೊಂದು ಸಂಖ್ಯೆಯನ್ನೂ ಹುಡುಕಿದೆವು. ಉದಾಹರಣೆಗೆ 3224 ಎಂದಿದ್ದರೆ ಅದು 2024ನೆಯ ಇಸವಿಯ 32ನೆಯ ವಾರದಲ್ಲಿ ತಯಾರಾದದ್ದು. ಅಂಗಡಿಯಲ್ಲಿ ಸುಮ್ಮನೆ ಕುಳಿತರೂ ರಬ್ಬರು ಮುದಿಯಾಗುತ್ತದೆ, ಬಿರುಕು ಬಿಡುತ್ತದೆ. ಸುಳ್ಯ, ಪುತ್ತೂರಿನ ತೋಟಗಳಲ್ಲಿ ಮರದಿಂದ ಒಸರುವ ಬಿಳಿ ಹಾಲು ಹಾಗೆಯೇ ಇದ್ದರೆ ಬಿಸಿಲಿಗೆ ಅಂಟು, ಚಳಿಗೆ ಗಡಸು. ಗಂಧಕ ಬೆರೆಸಿ ಕಾಯಿಸಿದರೆ ಅದು ಗಟ್ಟಿಯೂ ಪುಟಿಯುವಂಥದ್ದೂ ಆಗುತ್ತದೆಂದು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಮಸಿಯ ಪುಡಿ ಬೆರೆಸುವುದರಿಂದ ಸವೆತ ಕಡಿಮೆಯಾಗುತ್ತದೆ. ಟೈರು ಕಪ್ಪಗಿರುವುದೂ ಅದರಿಂದಲೇ. ನಮ್ಮ ರಾಜ್ಯದಲ್ಲೂ ಟೈರು ತಯಾರಾಗುತ್ತದೆ. ಮೈಸೂರಿನ ವಿಕ್ರಾಂತ್ ಕಾರ್ಖಾನೆಯ ಹೆಸರನ್ನು ನಿಮ್ಮ ಅಜ್ಜ ಕೇಳಿರುತ್ತಾರೆ. ಅದು 1997ರಲ್ಲಿ ಜೆ.ಕೆ. ಟೈರ್ ಕಂಪನಿಗೆ ಸೇರಿತು.

ಕಳಚಿದ ಹಳೆಯ ಟೈರುಗಳನ್ನು ಶಾಲೆಯ ಹಿಂದೆ ಬಿಸಾಡಲು ನಾವು ಬಿಡಲಿಲ್ಲ. ಒಳಗೆ ನಿಂತ ಒಂದು ಲೋಟ ಮಳೆನೀರು ಡೆಂಗಿ ಹರಡುವ ಸೊಳ್ಳೆಗೆ ಸಾಕು. ಸುಟ್ಟರೆ ಬರುವ ಹೊಗೆಯಂತೂ ವಿಷ.

ಮಾಡಿ ನೋಡಿ: ಸೈಕಲ್ಲಿನ ಹಿಂದಿನ ಟೈರಿಗೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿ. ಗುರುತು ನೆಲ ಮುಟ್ಟಿದಲ್ಲಿಂದ ಮತ್ತೆ ನೆಲ ಮುಟ್ಟುವವರೆಗೆ ಸೈಕಲ್ಲನ್ನು ಮೆಲ್ಲಗೆ ತಳ್ಳಿ, ದೂರವನ್ನು ಟೇಪಿನಲ್ಲಿ ಅಳೆಯಿರಿ. ಈಗ ಗೆಳೆಯನೊಬ್ಬನನ್ನು ಸೀಟಿನ ಮೇಲೆ ಕೂರಿಸಿ, ಇನ್ನಿಬ್ಬರು ಹಿಡಿದುಕೊಂಡು ಅದೇ ರೀತಿ ತಳ್ಳಿ ಅಳೆಯಿರಿ. ಬಳಿಕ ಗಾಳಿಯನ್ನು ಸ್ವಲ್ಪ ಇಳಿಸಿ ಮತ್ತೊಮ್ಮೆ ಅಳೆಯಿರಿ. ಮೂರೂ ಅಳತೆಗಳು ಒಂದೇ ಬಂದವೇ? ಯಾವುದು ಎಲ್ಲಕ್ಕಿಂತ ಕಡಿಮೆ? ಏಕಿರಬಹುದು? ಕಾರಣವನ್ನು ಬರೆದು ನಿಮ್ಮ ವಿಜ್ಞಾನ ಶಿಕ್ಷಕರಿಗೆ ತೋರಿಸಿ. ಸೈಕಲ್ಲಿಗೆ ಮತ್ತೆ ಗಾಳಿ ತುಂಬಿಸಲು ಮರೆಯಬೇಡಿ.