ಯಾವ ಚಿತ್ರದಲ್ಲಿ ಹರಿವು ಹೆಚ್ಚು? – ಹಳ್ಳದ ನೀರಿನ ಒಂದು ಪಾಠ

ತರಗತಿ: 9, ವಿಷಯ: ವಿಜ್ಞಾನ, ಅವಧಿ: 45 ನಿಮಿಷ

ಕಲಿಕಾಂಶ: ಹೋಲಿಕೆಗೂ ಅಳತೆಗೂ ಇರುವ ವ್ಯತ್ಯಾಸ

ಪೀಠಿಕೆ: ಒಂದು ಸೆಕೆಂಡಿನಲ್ಲಿ ಹಾದುಹೋಗುವ ನೀರಿನ ಗಾತ್ರವೇ ಹರಿವು. ಅದನ್ನು ಅಳೆಯುವ ಕೇಂದ್ರಗಳು ಹೆಚ್ಚಾಗಿ ದೊಡ್ಡ ನದಿಗಳಲ್ಲಿವೆ. ಬೇಸಿಗೆಯಲ್ಲಿ ಮೊದಲು ಬತ್ತುವ ಸಣ್ಣ ಹಳ್ಳಗಳ ಲೆಕ್ಕ ಸಿಗುವುದು ಕಡಿಮೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ 'ಫ್ಲೋ ಫೋಟೋ ಎಕ್ಸ್‌ಪ್ಲೋರರ್' ಯೋಜನೆಯಲ್ಲಿ ದಡದ ಕ್ಯಾಮೆರಾ ದಿನವಿಡೀ ಚಿತ್ರ ತೆಗೆಯುತ್ತದೆ. ಜನರು ಎರಡೆರಡು ಚಿತ್ರ ನೋಡಿ ಹರಿವು ಯಾವುದರಲ್ಲಿ ಹೆಚ್ಚೆಂದು ಗುರುತಿಸುತ್ತಾರೆ. ಆ ಉತ್ತರಗಳಿಂದ ಕಲಿತ ಕಂಪ್ಯೂಟರ್ ಉಳಿದ ಚಿತ್ರಗಳನ್ನೂ ಕ್ರಮವಾಗಿ ಜೋಡಿಸುತ್ತದೆ.

ಚಟುವಟಿಕೆ 1: ಶಾಲೆಯ ಬಳಿಯ ಹಳ್ಳವನ್ನು ಒಂದೇ ಜಾಗದಿಂದ ಐದು ಬೇರೆ ದಿನ ಮೊಬೈಲಿನಲ್ಲಿ ಸೆರೆಹಿಡಿದಿದ್ದೆ. ಐದು ಚಿತ್ರಗಳಿಂದ 10 ಜೋಡಿ. 40 ವಿದ್ಯಾರ್ಥಿಗಳ 10 ಗುಂಪಿಗೆ ತಲಾ ಒಂದು ಜೋಡಿ ಕೊಟ್ಟು, 'ಗೆದ್ದ' ಚಿತ್ರಕ್ಕೆ ಕಪ್ಪುಹಲಗೆಯ ಮೇಲೆ ಒಂದೊಂದು ಗೆರೆ ಎಳೆಸಿದೆ. 4, 3, 2, 1, 0 ಬಂದಿದ್ದರೆ ಕ್ರಮ ಸ್ಪಷ್ಟವಾಗುತ್ತಿತ್ತು. ಬಂದದ್ದು 3, 3, 3, 1, 0.

ಎಲ್ಲರೂ ಚಿತ್ರಗಳನ್ನು ಮತ್ತೆ ನೋಡಿದರು. ಒಂದು ಗುಂಪು ಬಿಳಿ ನೊರೆ ಕಂಡು ಹರಿವು ಹೆಚ್ಚೆಂದಿತ್ತು. "ನೊರೆ ಇರೋದು ಕಲ್ಲು ಮೇಲೆ ಎದ್ದಿರೋದ್ರಿಂದ ಮಿಸ್, ಇನ್ನೊಂದರಲ್ಲಿ ಆ ಕಲ್ಲೇ ಮುಳುಗಿದೆ" ಎಂದಳು ಒಬ್ಬ ವಿದ್ಯಾರ್ಥಿನಿ. ಆ ಗುಂಪು ತಾನೇ ಉತ್ತರ ಬದಲಿಸಿತು; ಕ್ರಮ ಸಿಕ್ಕಿತು. ಯಾವ ಗುರುತನ್ನು ಸಾಕ್ಷಿಯಾಗಿ ನಂಬಬೇಕು ಎಂಬುದು ಚರ್ಚೆಯಿಂದಲೇ ಹೊರಬಂತು.

ಚಟುವಟಿಕೆ 2: "ಮೊದಲನೆಯದರಲ್ಲಿ ಎಷ್ಟು ಲೀಟರ್?" ಎಂದು ಕೇಳಿದಾಗ ತರಗತಿ ಮೌನವಾಯಿತು. ಕ್ರಮ ತಿಳಿದರೂ ಪ್ರಮಾಣ ತಿಳಿಯದು. ಅದಕ್ಕೆ ಅಳತೆ ಬೇಕು. ಕಪ್ಪುಹಲಗೆಯ ಮೇಲೆ ಈ ಲೆಕ್ಕ ಮಾಡಿದೆವು: ಅಗಲ 0.8 ಮೀ., ಸರಾಸರಿ ಆಳ 0.1 ಮೀ., ಅಡ್ಡಕೊಯ್ತದ ವಿಸ್ತೀರ್ಣ 0.08 ಚ.ಮೀ. ತೇಲುವ ಎಲೆ 2 ಮೀ. ದೂರವನ್ನು 5 ಸೆಕೆಂಡಿನಲ್ಲಿ ಕ್ರಮಿಸಿದರೆ ಮೇಲ್ಮೈ ವೇಗ 0.4 ಮೀ./ಸೆ. ತಳದಲ್ಲಿ ನೀರು ನಿಧಾನ. ಆದ್ದರಿಂದ ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ: 0.34 ಮೀ./ಸೆ. ಹರಿವು = 0.08 × 0.34 = 0.0272 ಘನ ಮೀ./ಸೆ., ಅಂದರೆ ಸೆಕೆಂಡಿಗೆ ಸುಮಾರು 27 ಲೀಟರ್.

ಮೌಲ್ಯಮಾಪನ: (1) ವೇಗ ಹೆಚ್ಚಿದ್ದರೂ ಹರಿವು ಕಡಿಮೆ ಇರಬಹುದೇ? ಕಾರಣ ಕೊಡಿ. (2) ಕ್ಯಾಮೆರಾದ ಜಾಗ ಬದಲಾದರೆ ಹೋಲಿಕೆ ಏಕೆ ಕೆಡುತ್ತದೆ?

ಸಹಪ್ರಶಿಕ್ಷಣಾರ್ಥಿಗಳಿಗೆ: ಚಿತ್ರ ತೆಗೆಯುವಾಗ ಪ್ರತಿ ಬಾರಿಯೂ ಒಂದೇ ಕಲ್ಲು ಚೌಕಟ್ಟಿನೊಳಗೆ ಇರಲಿ. ಗೆರೆಗಳ ಎಣಿಕೆ ತಾಳೆಯಾಗದಿದ್ದರೆ ಉತ್ತರ ಹೇಳಲು ಆತುರಪಡಬೇಡಿ. ಪಾಠ ಅಲ್ಲಿಂದಲೇ ಶುರುವಾಗುತ್ತದೆ.