ರಸ್ತೆಯಿಲ್ಲದ ಕಾಡು

ಕಾಡೆಂದರೆ ಯಾವುದು ಎಂದು ಕೇಳಿದರೆ ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಸಹಪಾಠಿಗಳು ತಡಮಾಡದೆ ನಾಗರಹೊಳೆಯ ಕಡೆಗೆ ಕೈತೋರುತ್ತಾರೆ. ಕೃಷ್ಣರಾಜನಗರದ ಮಿತ್ರರು ಮಾತ್ರ, ಬತ್ತದ ಗದ್ದೆಗಳ ನಡುವೆ ಬೆಳೆದವರಾದ್ದರಿಂದ, ತುಸು ಯೋಚಿಸುತ್ತಾರೆ. ಆದರೆ ಎಲ್ಲಿಂದ ಎಲ್ಲಿಯವರೆಗೆ ಕಾಡು ಎಂದು ಮುಂದುವರಿದು ಕೇಳಿದರೆ ಎಲ್ಲರೂ ಮೌನ. ಮರಗಳನ್ನು ಎಣಿಸಿ ಹೇಳುವುದಾದರೆ ತೇಗದ ನೆಡುತೋಪೂ ಕಾಡಾಯಿತು. ಹುಲಿಯಿದ್ದರೆ ಕಾಡು ಎನ್ನೋಣವೆ? ಹುಲಿ ಹೊಗೆಸೊಪ್ಪಿನ ಹೊಲಕ್ಕೂ ಬರುತ್ತದೆ.

ಈ ತೊಡಕಿಗೆ ಒಂದು ಸರಳವಾದ ಅಳತೆಗೋಲನ್ನು ಸೂಚಿಸಿದವನು ಅಮೆರಿಕದ ಅರಣ್ಯಾಧಿಕಾರಿ ಆಲ್ಡೊ ಲಿಯೊಪೋಲ್ಡ್. ರಸ್ತೆಯಾಗಲಿ ಮನೆಯಾಗಲಿ ಅಡ್ಡಬರದಂತೆ ಎರಡು ವಾರ ಪ್ರಯಾಣ ಮಾಡುವಷ್ಟು ವಿಸ್ತಾರವಾದ ನೆಲವೇ ನಿಜವಾದ ಅಡವಿ ಎಂದು ಆತ 1921ರಲ್ಲಿ ವಾದಿಸಿದ. ಮೂರು ವರ್ಷಗಳ ತರುವಾಯ, 1924ರಲ್ಲಿ, ನ್ಯೂ ಮೆಕ್ಸಿಕೋ ಪ್ರಾಂತದ ಗೀಲಾ ಅರಣ್ಯದ ಒಂದು ಭಾಗ ಹಾಗೆ ಮೀಸಲಾಯಿತು. 1964ರಲ್ಲಿ ಆ ದೇಶ ಇದಕ್ಕಾಗಿಯೇ ಒಂದು ಶಾಸನವನ್ನು ಮಾಡಿತು: ಸ್ಥಿರವಾದ ರಸ್ತೆ ಕೂಡದು, ವಿಸ್ತಾರ ಸಾಮಾನ್ಯವಾಗಿ 5,000 ಎಕರೆಗೆ ಕಡಮೆಯಿರಬಾರದು, ಮನುಷ್ಯನು ಬಂದುಹೋಗಬಹುದು, ಆದರೆ ನೆಲಸಲಾಗದು.

ರಸ್ತೆಗೇಕೆ ಇಷ್ಟು ಮಹತ್ವ? ಹದಿನೈದು ಅಡಿ ಅಗಲದ ಡಾಂಬರು ಎಷ್ಟು ಮಹಾ ನೆಲವನ್ನು ನುಂಗೀತು ಎಂದು ಯಾರಿಗಾದರೂ ಅನ್ನಿಸುವುದು ಸಹಜ. ವಾಸ್ತವದಲ್ಲಿ ರಸ್ತೆಯ ನೆರಳು ರಸ್ತೆಗಿಂತ ಬಹಳ ಅಗಲ. ವಾಹನಕ್ಕೆ ಸಿಕ್ಕಿ ಸಾಯುವ ಪ್ರಾಣಿಗಳು ಕಣ್ಣಿಗೆ ಕಾಣುತ್ತವೆ. ಶಬ್ದಕ್ಕೂ ದೀಪಕ್ಕೂ ಹೆದರಿ ಅಂಚನ್ನೇ ತೊರೆಯುವ ಪ್ರಾಣಿಗಳು ಕಾಣುವುದಿಲ್ಲ. ಬಿಸಿಲು ಬಿದ್ದ ಅಂಚಿನಲ್ಲಿ ಲಂಟಾನ ಹಬ್ಬುತ್ತದೆ. ಎಸೆದ ಬೀಡಿಯಿಂದ ಬೇಸಗೆಯಲ್ಲಿ ಬೆಂಕಿ ಏಳುತ್ತದೆ. ಕೊಂಬೆಯಿಂದ ಕೊಂಬೆಗೆ ಹಾರುವ ಕೆಂಜಳಿಲಿಗೆ ಮೇಲಿನ ಹಾದಿ ತುಂಡಾಗುತ್ತದೆ. ಬೇಟೆಗಾರನಿಗೂ ಮರಗಳ್ಳನಿಗೂ ಅದೇ ರಸ್ತೆ ಹೆಬ್ಬಾಗಿಲು.

ಪಿಯರ್ ಇಬಿಷ್ ಮತ್ತು ಸಂಗಡಿಗರು 2016ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಭೂಪಟದಲ್ಲಿ ಪ್ರತಿಯೊಂದು ರಸ್ತೆಯ ಎರಡೂ ಬದಿಗೆ ಒಂದೊಂದು ಕಿಲೋಮೀಟರನ್ನು ಕಳೆದರು. ಭೂಮಿಯ ನೆಲದಲ್ಲಿ ಶೇಕಡ 80ರಷ್ಟು ಉಳಿಯಿತಂತೆ, ಕೇಳಲು ಸಂತೋಷ. ಆದರೆ ಅದು ಸುಮಾರು 6 ಲಕ್ಷ ಚೂರುಗಳಾಗಿತ್ತು, ಅರ್ಧಕ್ಕಿಂತ ಹೆಚ್ಚಿನವು ಒಂದು ಚದರ ಕಿಲೋಮೀಟರಿಗೂ ಸಣ್ಣವು. ಈ ಲೆಕ್ಕವನ್ನು ನಾವೇ ಮಾಡಿನೋಡಬಹುದು. ಹತ್ತು ಕಿಲೋಮೀಟರು ಉದ್ದ, ಅಷ್ಟೇ ಅಗಲದ ಕಾಡಿನ ನಡುವೆ ಒಂದು ರಸ್ತೆಯನ್ನು ಎಳೆಯಿರಿ: ನೂರರಲ್ಲಿ 20 ಚದರ ಕಿಲೋಮೀಟರು ಹೋಗಿ, ನಲವತ್ತರ ಎರಡು ತುಂಡುಗಳು ಉಳಿಯುತ್ತವೆ. ಅಡ್ಡಲಾಗಿ ಇನ್ನೊಂದನ್ನು ಎಳೆದರೆ ಹದಿನಾರರ ನಾಲ್ಕು ತುಂಡುಗಳು. ಕಾಡು ಅರವತ್ತನಾಲ್ಕು ಉಳಿದರೂ, ಒಂದು ಆನೆಯ ಹಿಂಡಿಗೆ ಅದು ಒಂದೇ ಕಾಡಾಗಿ ಉಳಿಯಲಿಲ್ಲ.

ಈಗ ನಮ್ಮ ನಾಗರಹೊಳೆಗೆ ಬರೋಣ. 1955ರಲ್ಲಿ ಕೊಡಗಿನ ಭಾಗದಲ್ಲಿ ಅಭಯಾರಣ್ಯವಾಗಿ ಹುಟ್ಟಿ, ಮುಂದೆ ಮೈಸೂರು ಜಿಲ್ಲೆಯ ಕಾಡುಗಳನ್ನೂ ಕೂಡಿಸಿಕೊಂಡ ಈ ರಾಷ್ಟ್ರೀಯ ಉದ್ಯಾನದ ವಿಸ್ತಾರ 643 ಚದರ ಕಿಲೋಮೀಟರು. ಗೋಣಿಕೊಪ್ಪಲಿನ ರಸ್ತೆ ಆನೆಚೌಕೂರಿನ ಬಳಿ ಇದನ್ನು ದಾಟುತ್ತದೆ. ವೀರನಹೊಸಹಳ್ಳಿಯಿಂದ ಕುಟ್ಟಕ್ಕೆ ಹೋಗುವುದು ನಡುಗಾಡನ್ನೇ ಸೀಳುತ್ತದೆ. ಮೂರನೆಯದು ಹೆಗ್ಗಡದೇವನಕೋಟೆಯಿಂದ ಮಾನಂದವಾಡಿಗೆ. ಇಲಾಖೆಯ ಜೀಪುದಾರಿಗಳು ಬೇರೆ. ದಕ್ಷಿಣದಲ್ಲಿ 1974ರಲ್ಲಿ ಮುಗಿದ ಕಬಿನಿ ಜಲಾಶಯ. ಅಮೆರಿಕದ ಶಾಸನದ ಕಟ್ಟುನಿಟ್ಟಿನಲ್ಲಿ ನೋಡಿದರೆ ಇದು ಅಡವಿಯೇ ಅಲ್ಲ!

ಆದರೂ ನಮ್ಮವರು ಇನ್ನೊಂದು ಉಪಾಯವನ್ನು ಕಂಡುಕೊಂಡರು, ಅದು ನನಗೆ ಬಹಳ ಮೆಚ್ಚುಗೆಯಾಗಿದೆ. ರಸ್ತೆಯನ್ನು ಕಿತ್ತುಹಾಕಲಾಗದಿದ್ದರೆ ಹೊತ್ತನ್ನಾದರೂ ಬಿಡಿಸಿಕೊಳ್ಳಬಹುದಷ್ಟೆ. ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಂತಿತು. ಅದರ ಒಂದು ಭಾಗವನ್ನು ಹಗಲಿಗೂ ಮುಚ್ಚಿ, ವಾಹನಗಳನ್ನು ಬೇರೆ ದಾರಿಗೆ ತಿರುಗಿಸಲಾಯಿತು. ನೆರೆಯ ಬಂಡೀಪುರದಲ್ಲಿ 2009ರಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ನಿಷೇಧ ಬಂದಿತು. 2010ರಲ್ಲಿ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಮಾನಂದವಾಡಿ ರಸ್ತೆಯ ಅಂಚಿನಲ್ಲಿ ಸಂಜಯ ಗುಬ್ಬಿ ಮತ್ತಿತರರು ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾಹನ ವಿರಳವಾದ ಭಾಗದಲ್ಲಿ ಜಿಂಕೆ, ಕಾಟಿ, ಆನೆಗಳು ಹೆಚ್ಚಾಗಿ ಕಂಡುಬಂದವು. ಹೀಗೆ ಹಗಲು ರಸ್ತೆಯಾಗಿರುವುದು ಇರುಳು ಕಾಡಾಗುತ್ತದೆ. ಲಿಯೊಪೋಲ್ಡ್ ನೆಲವನ್ನು ಅಳೆದ, ನಾವು ಗಡಿಯಾರದಿಂದ ಅಳೆಯಬೇಕಾಗಿದೆ.

ಇನ್ನೊಂದು ಮಾತನ್ನು ಬಿಡುವಂತಿಲ್ಲ. ಮನುಷ್ಯರಿಲ್ಲದ ನೆಲವೇ ಅಡವಿ ಎಂಬ ವ್ಯಾಖ್ಯೆಯನ್ನು ಇಲ್ಲಿಗೆ ತಂದರೆ ಅದರ ಪೆಟ್ಟು ಬೀಳುವುದು ಜೇನುಕುರುಬರು, ಬೆಟ್ಟಕುರುಬರು, ಯರವರ ಮೇಲೆ. ನಾಗರಹೊಳೆಯಿಂದ ಹೊರಬಿದ್ದ ಆದಿವಾಸಿ ಕುಟುಂಬಗಳು 3,418 ಎಂದು ಹೈಕೋರ್ಟಿನ ಆದೇಶದಂತೆ ರಚಿತವಾದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿಮಾಡಿತು. ಜೇನು ಕೀಳಲು ಹೋಗುವವನ ಕಾಲುದಾರಿ ಎರಡು ಮಳೆಗೆ ಹುಲ್ಲಿನಲ್ಲಿ ಮುಚ್ಚಿಹೋಗುತ್ತದೆ; ಅದಕ್ಕೆ ಕಿಲೋಮೀಟರು ಅಗಲದ ನೆರಳಿಲ್ಲ. ಆದುದರಿಂದ ಜನರನ್ನು ಎಣಿಸುವ ವ್ಯಾಖ್ಯೆಗಿಂತ ರಸ್ತೆಯನ್ನು ಎಣಿಸುವ ವ್ಯಾಖ್ಯೆಯೇ ಹೆಚ್ಚು ನ್ಯಾಯವಾದುದೆಂದು ನನ್ನ ಅಭಿಪ್ರಾಯ. ಹಾಡಿಯ ಬಸುರಿಗೆ ಆಸ್ಪತ್ರೆಯ ದಾರಿ ಬೇಡವೆ ಎಂದು ಕೇಳುವವರುಂಟು. ಖಂಡಿತ ಬೇಕು. ಆ ಒಂದು ಜೀಪು ಬೇರೆ, ರಾತ್ರಿಯಿಡೀ ಓಡುವ ಲಾರಿಗಳ ಸಾಲು ಬೇರೆ. ಬಂಡೀಪುರದ ನಿಷೇಧದಲ್ಲಿಯೂ ಆಂಬುಲೆನ್ಸಿಗೆ ತಡೆಯಿಲ್ಲ.

ಭೂಗೋಳದ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಬಿನ್ನಹ. ಸರ್ವೆ ಇಲಾಖೆಯ ನಕಾಶೆಯ ಮೇಲೆ ಮೇಣಕಾಗದವನ್ನಿಟ್ಟು, ನಮ್ಮ ಮೂರು ತಾಲ್ಲೂಕುಗಳ ಕಾಡುರಸ್ತೆಗಳಿಗೆ ಎರಡೂ ಬದಿ ಒಂದು ಕಿಲೋಮೀಟರಿನ ಗೆರೆ ಎಳೆಯಿರಿ. ಸಫಾರಿ ದಾರಿಗಳನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ. ಉಳಿದ ಬಿಳಿಯ ಜಾಗವನ್ನು ಚದರ ಕಾಗದದ ಮೇಲೆ ಎಣಿಸಲು ಒಂದು ಭಾನುವಾರ ಸಾಕು.