ಹೃದಯದ ಗೋಡೆ ದಪ್ಪವಾದರೆ ಕಾಯಿಲೆ ಯಾವುದು?

ಪ್ರಶ್ನೆ: ಮೈಸೂರಿನವನು, 11 ವರ್ಷಗಳಿಂದ ಕ್ವಾಲಾಲಂಪುರದ ಬಾಂಗ್ಸಾರ್‌ನಲ್ಲಿದ್ದೇನೆ. ವಯಸ್ಸು 43, ಬಿಪಿ ಇಲ್ಲ. ಎಕೋ ಮಾಡಿಸಿದಾಗ ಹೃದಯದ ಎಡ ಕೆಳಕೋಣೆಯ ಗೋಡೆ 16 ಮಿ.ಮೀ. ದಪ್ಪವಿದೆ ಎಂದರು. ‘ಹೈಪರ್ಟ್ರೋಫಿಕ್ ಕಾರ್ಡಿಯೋಮಯೋಪತಿ’ ಎಂದು ಹೇಳಿ ಮಾತ್ರೆ ಕೊಟ್ಟಿದ್ದಾರೆ. ಊರಿಗೆ ಬಂದಾಗ ಮಾಡಿಸಿದ ಜೀನ್ ಪರೀಕ್ಷೆಯಲ್ಲಿ ಎಂವೈಬಿಪಿಸಿ3 ಎಂಬ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿವೆ ಎಂದು ಬಂತು. ಕಾರಣ ಸಿಕ್ಕಿತು ಎಂದುಕೊಂಡೆ. ಇನ್ನೊಂದು ವಿಷಯ, ಸಂಬಂಧ ಇದೆಯೋ ಇಲ್ಲವೋ: ಚಿಕ್ಕಂದಿನಿಂದಲೂ ಜ್ವರ ಬಂದರೆ ಅಂಗೈ ಅಂಗಾಲು ಕೆಂಡ ಮುಟ್ಟಿದ ಹಾಗೆ ಉರಿಯುತ್ತವೆ. ಇಲ್ಲಿನ ಸೆಖೆಯಲ್ಲಿ ಎಲ್ಲರ ಅಂಗಿ ಒದ್ದೆಯಾದರೂ ನನಗೆ ಬೆವರೇ ಬರುವುದಿಲ್ಲ. ಸೋದರಮಾವ 46ಕ್ಕೇ ಕಿಡ್ನಿ ಹಾಳಾಗಿ ತೀರಿಕೊಂಡರು. ನನಗೆ ಒಬ್ಬ ಮಗ, ಇಬ್ಬರು ಹೆಣ್ಣುಮಕ್ಕಳು.

ಉತ್ತರ: ಸಂಬಂಧ ಇದೆಯೋ ಇಲ್ಲವೋ ಎಂದು ಹಿಂಜರಿದು ಬರೆದ ಆ ಮೂರು ಸಾಲುಗಳೇ ನಿಮ್ಮ ಪತ್ರದ ಜೀವಾಳ. ಅಂಗೈ ಅಂಗಾಲಿನ ಉರಿ, ಬಾರದ ಬೆವರು, ಸೋದರಮಾವನ ಕಿಡ್ನಿ, ದಪ್ಪಗಾದ ಹೃದಯ: ಈ ನಾಲ್ಕನ್ನೂ ಒಂದೇ ದಾರದಲ್ಲಿ ಪೋಣಿಸುವ ಕಾಯಿಲೆಯೊಂದಿದೆ. ಅದು ಫ್ಯಾಬ್ರಿ ಕಾಯಿಲೆ. ನಿಮಗೆ ಅದೇ ಇದೆ ಎಂದು ಪತ್ರ ಓದಿ ಹೇಳಲಾರೆ. ಪರೀಕ್ಷೆ ಮಾಡಿಸದೆ ಬಿಡಬಾರದು ಎಂದಂತೂ ಖಂಡಿತ ಹೇಳುತ್ತೇನೆ.

1898ರಲ್ಲಿ ಜರ್ಮನಿಯ ಯೊಹಾನೆಸ್ ಫ್ಯಾಬ್ರಿ ಮತ್ತು ಇಂಗ್ಲೆಂಡಿನ ವಿಲಿಯಂ ಆಂಡರ್ಸನ್ ಬೇರೆಬೇರೆಯಾಗಿ ಇದನ್ನು ವರ್ಣಿಸಿದರು. ಇಬ್ಬರ ಕಣ್ಣಿಗೂ ಮೊದಲು ಬಿದ್ದದ್ದು ಚರ್ಮದ ಮೇಲಿನ ಕೆಂಪು ಚುಕ್ಕೆಗಳು. ಹೊಕ್ಕುಳು, ಸೊಂಟ, ತೊಡೆಯ ಸುತ್ತ ಅಂಥ ಚುಕ್ಕೆಗಳಿವೆಯೇ, ಕನ್ನಡಿಯಲ್ಲಿ ನೋಡಿಕೊಳ್ಳಿ. ಆಲ್ಫಾ ಗ್ಯಾಲಕ್ಟೋಸಿಡೇಸ್ ಎಂಬ ಕಿಣ್ವ ಕಡಿಮೆಯಾದಾಗ ಒಂದು ಬಗೆಯ ಕೊಬ್ಬು ಕರಗದೆ ನರ, ಕಿಡ್ನಿ, ಹೃದಯದ ಜೀವಕೋಶಗಳಲ್ಲಿ ಕೂಡಿಕೊಳ್ಳುತ್ತದೆ. ಎಕೋದಲ್ಲಿ ಕಾಣುವುದು ಗೋಡೆಯ ದಪ್ಪ ಮಾತ್ರ. ಅದು ಸ್ನಾಯು ಬೆಳೆದ ದಪ್ಪವೋ, ಒಳಗೆ ಏನೋ ತುಂಬಿಕೊಂಡ ದಪ್ಪವೋ ಎಂಬುದನ್ನು ಎಕೋ ಒಂದೇ ಹೇಳಲಾರದು. ಇಸಿಜಿಯಲ್ಲಿ ಪಿಆರ್ ಅಂತರ ಕಿರಿದಾಗಿರುವುದು, ಹೃದಯದ ಎಂಆರ್‌ಐಯಲ್ಲಿ ಟಿ1 ಮೌಲ್ಯ ತಗ್ಗಿರುವುದು ಫ್ಯಾಬ್ರಿಯ ಕಡೆಗೆ ಬೆರಳು ತೋರಿಸುತ್ತವೆ.

ಇನ್ನು ನಿಮ್ಮ ಜೀನ್ ರಿಪೋರ್ಟ್. ಎಡವುವುದು ಇಲ್ಲಿಯೇ. ಆ 25 ಅಕ್ಷರಗಳ ಲೋಪ ಭಾರತೀಯ ಮೂಲದವರಲ್ಲಿ ಸುಮಾರು ನೂರಕ್ಕೆ ನಾಲ್ವರಲ್ಲಿದೆ. 2009ರಲ್ಲಿ ಪೆರುಂದುರೈ ಧಂಡಪಾಣಿ ಮತ್ತು ಸಂಗಡಿಗರು ‘ನೇಚರ್ ಜೆನೆಟಿಕ್ಸ್’ನಲ್ಲಿ ಇದನ್ನು ಪ್ರಕಟಿಸಿದರು, ಮಲೇಷ್ಯಾದ ಮಾದರಿಗಳಲ್ಲೂ ಅದು ಸಿಕ್ಕಿತ್ತು. ಆ ಲೋಪವಿರುವ ಬಹಳ ಜನ ನಡುವಯಸ್ಸಿನವರೆಗೂ ಆರೋಗ್ಯವಾಗಿಯೇ ಇರುತ್ತಾರೆ. ಇಷ್ಟು ಸಾಮಾನ್ಯವಾದದ್ದು ನಿಮ್ಮಲ್ಲೂ ಇದೆ ಎಂದಮಾತ್ರಕ್ಕೆ ಹುಡುಕಾಟ ನಿಲ್ಲಿಸಬಾರದು. ಅದೂ ಇದ್ದು ಫ್ಯಾಬ್ರಿಯೂ ಇರಬಹುದು. ರಿಪೋರ್ಟಿನಲ್ಲಿ ‘ಜಿಎಲ್‌ಎ’ ಜೀನ್ ನೋಡಿದ್ದಾರೆಯೇ ಎಂದು ಕೇಳಿ.

ಗಂಡಸರಿಗೆ ರಕ್ತದಲ್ಲಿ ಕಿಣ್ವದ ಮಟ್ಟ ಅಳೆದರೆ ಬಹುಮಟ್ಟಿಗೆ ಗೊತ್ತಾಗುತ್ತದೆ. ಹೆಂಗಸರಲ್ಲಿ ಕಿಣ್ವ ಸರಿಯಾಗಿದ್ದೂ ಕಾಯಿಲೆ ಇರಬಹುದು, ಆದ್ದರಿಂದ ಅವರಿಗೆ ಜೀನ್ ಪರೀಕ್ಷೆಯೇ ಬೇಕು. ಈ ಜೀನ್ ಇರುವುದು ಎಕ್ಸ್ ಕ್ರೋಮೊಸೋಮಿನಲ್ಲಿ. ನಿಮಗೆ ಕಾಯಿಲೆ ಖಚಿತವಾದರೆ ಇಬ್ಬರು ಹೆಣ್ಣುಮಕ್ಕಳಿಗೂ ಆ ಜೀನ್ ಹೋಗಿರುತ್ತದೆ, ಮಗನಿಗೆ ನಿಮ್ಮಿಂದ ಬರುವುದಿಲ್ಲ. ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವ ರೂಢಿ ಇರುವುದರಿಂದ ಒಂದು ಮಾತು: ಅಂಥ ಮನೆಗಳಲ್ಲಿ ತಾಯಿಯ ಮೂಲಕವೂ ಅದೇ ಜೀನ್ ಬಂದು, ತಂದೆಯಿಂದಲೇ ಮಗನಿಗೆ ಇಳಿದಂತೆ ಕಾಣಬಹುದು. ಅದನ್ನು ನೋಡಿ ಫ್ಯಾಬ್ರಿ ಅಲ್ಲ ಎಂದು ತಳ್ಳಿಹಾಕಬಾರದು. ನಿಮ್ಮದು ಅಂಥ ಸಂಬಂಧವಾಗಿದ್ದರೆ ವೈದ್ಯರಿಗೆ ಮುಚ್ಚಿಡಬೇಡಿ.

ಇಷ್ಟೆಲ್ಲ ಒತ್ತಿ ಹೇಳುವುದು ಚಿಕಿತ್ಸೆಯೇ ಬೇರೆಯಾದ್ದರಿಂದ. ಕೊರತೆಯಾದ ಕಿಣ್ವವನ್ನು ಎರಡು ವಾರಕ್ಕೊಮ್ಮೆ ಡ್ರಿಪ್ ಮೂಲಕ ಕೊಡುವ ಔಷಧ ಯುರೋಪಿನಲ್ಲಿ 2001ರಿಂದ ಇದೆ. ಕೆಲವು ಬಗೆಯ ಜೀನ್ ದೋಷಕ್ಕೆ ಮಾತ್ರೆಯೂ ಇದೆ. ಹೃದಯದಲ್ಲಿ ಗಾಯದ ಕಲೆ ಕಟ್ಟುವ ಮೊದಲೇ ಶುರುವಾದರೆ ಪ್ರಯೋಜನ ಹೆಚ್ಚು. ನಿಮಗೆ ಯೂನಿವರ್ಸಿಟಿ ಮಲಾಯಾ ಮೆಡಿಕಲ್ ಸೆಂಟರ್ ಹತ್ತಿರ. ಕ್ವಾಲಾಲಂಪುರ ಆಸ್ಪತ್ರೆಯಲ್ಲಿ ಜೆನೆಟಿಕ್ಸ್ ವಿಭಾಗವಿದೆ. ಮೈಸೂರಿನಲ್ಲಿರುವ ತಾಯಿ, ಅಕ್ಕತಂಗಿಯರನ್ನು ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್‌ಗೆ ಕಳಿಸಿ. ಭಾರತದ 2021ರ ಅಪರೂಪದ ಕಾಯಿಲೆಗಳ ನೀತಿಯಡಿ ನೆರವು ಕೊಡುವ ಕೇಂದ್ರಗಳಲ್ಲಿ ಅದೂ ಒಂದು.

ಪ್ರಶ್ನೆ: ತಾಯಿಗೆ 72. ಹೃದಯದ ಗೋಡೆ ದಪ್ಪವಾಗಿದೆ, ಹಳೆಯ ಬಿಪಿಯಿಂದ ಎನ್ನುತ್ತಾರೆ. ಈಚೆಗೆ ಬಿಪಿ ತಾನಾಗಿಯೇ ಇಳಿದು ಮಾತ್ರೆ ನಿಲ್ಲಿಸಿದ್ದಾರೆ. ಕಾಲು ಬಾತುಕೊಳ್ಳುತ್ತದೆ. ಎಂಟು ವರ್ಷದ ಹಿಂದೆ ಎರಡೂ ಮಣಿಕಟ್ಟಿಗೆ ಕಾರ್ಪಲ್ ಟನಲ್ ಆಪರೇಷನ್ ಆಗಿತ್ತು. (ಧಾರವಾಡ)

ಉತ್ತರ: ಗೋಡೆ ದಪ್ಪ, ಬಿಪಿ ಇಳಿಮುಖ, ಎರಡೂ ಮಣಿಕಟ್ಟಿನ ಆಪರೇಷನ್! ಇದು ಅಮಿಲಾಯ್ಡ್ ಇರಬಹುದು, ಅಂದರೆ ಒಂದು ಪ್ರೋಟೀನ್ ಮಡಿಕೆ ತಪ್ಪಿ ಹೃದಯದಲ್ಲಿ ಜಮೆಯಾಗುವ ಕಾಯಿಲೆ. ಗೋಡೆ ಅಷ್ಟು ದಪ್ಪವಿದ್ದೂ ಇಸಿಜಿಯ ಗೆರೆಗಳು ಕುಳ್ಳಾಗಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಇದರಲ್ಲಿ ಒಂದು ಬಗೆ ವಂಶದಿಂದ ಬರುತ್ತದೆ, ಒಂದು ವಯಸ್ಸಿನಿಂದ. ಮೂರನೆಯದು ಮಜ್ಜೆಯ ಕಾಯಿಲೆಯಿಂದ ಬರುವಂಥದ್ದು, ಅದಕ್ಕೆ ತಡಮಾಡದೆ ಚಿಕಿತ್ಸೆ ಬೇಕು. ಹಾಗಾಗಿ ರಕ್ತ ಮತ್ತು ಮೂತ್ರದ ಲೈಟ್ ಚೈನ್ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ. ಜೊತೆಗೆ ಪೈರೋಫಾಸ್ಫೇಟ್ ಸ್ಕ್ಯಾನ್ ಬಗ್ಗೆ ಹೃದ್ರೋಗ ತಜ್ಞರನ್ನು ನೇರವಾಗಿ ಕೇಳಿ. ಮಣಿಕಟ್ಟಿನ ಆಪರೇಷನ್ನಿನ ಹಳೆಯ ಕಾಗದವನ್ನು ಫೈಲಿನ ಮೇಲುಗಡೆಯೇ ಇಟ್ಟು ಒಯ್ಯಿರಿ.